ನಂಬರಿಗೊಂದು ಹೆಸರು

ಊರಲ್ಲಿ ಹೊಲಕ್ಕೆ ಎರಡು ಗುರುತು. ಪಹಣಿಯಲ್ಲಿ ಸರ್ವೆ ನಂಬರು, ಜನರ ಬಾಯಲ್ಲಿ ಹುಣಸೆಮರದ ಹೊಲ. ಕಚೇರಿಗೆ ನಂಬರು ಸಾಕು, ಗೇಯೋರಿಗೆ ಹೆಸರು ಬೇಕು. ಸಿ ಭಾಷೆಯ ಕೆಳಹಂತದ ಕೋಡಲ್ಲೂ ಇದೇ ಪಂಚಾಯ್ತಿ.

ಡಿಫೈನ್ ಮಾಡಿಟ್ಟ ಹೆಸರು ಪ್ರೀಪ್ರೊಸೆಸರ್ ದಾಟಿ ಮುಂದೆ ಹೋಗಲ್ಲ. ಕಂಪೈಲರ್ ಕೈಗೆ ಸಿಗೋದು ಬರೀ 2, 3, 7. ಡೀಬಗರ್ ತೆರೆದರೂ ಸಾಮಾನ್ಯವಾಗಿ ಕಾಣೋದು ಅಷ್ಟೇ. ಈನಮ್ ಮಾಡಿದರೆ ಹೆಸರು ಕೊನೇತನಕ ಉಳಿಯುತ್ತೆ.

2020ರಲ್ಲಿ ಲಿನಕ್ಸ್ ಕರ್ನಲ್‌ನ ಬಿಪಿಎಫ್ ಹೆಡರ್‌ನಲ್ಲಿದ್ದ ಒಂದಷ್ಟು ಡಿಫೈನ್‌ಗಳನ್ನು ಈನಮ್‌ಗೆ ಬದಲಿಸಿದ್ದು ಇದಕ್ಕೇ. ಕರ್ನಲ್ ತನ್ನ ಟೈಪ್‌ಗಳ ವಿವರವನ್ನು ಬಿಟಿಎಫ್ ಅನ್ನೋ ರೂಪದಲ್ಲಿ ಇಟ್ಟುಕೊಳ್ಳುತ್ತೆ. ಅದರಿಂದ ಹುಟ್ಟಿಸಿದ ಹೆಡರ್‌ನಲ್ಲಿ ಈನಮ್ ಬರುತ್ತೆ, ಡಿಫೈನ್ ಬರಲ್ಲ. ಬೆಲೆಗಳನ್ನು ಮುಟ್ಟದೆ ಹೆಸರು ಉಳಿಸಿದರು. ಒಳ್ಳೆ ಕೆಲಸ.

ಆದರೆ ಇದನ್ನು ನೋಡಿ "ಈನಮ್ ಹಾಕಿದ್ರೆ ಕೋಡ್ ಸೇಫ್" ಅನ್ನೋರ ಮಾತು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ಫ್ಲ್ಯಾಗ್‌ಗಳ ಈನಮ್‌ಗಳಿಗೆ ಟೈಪ್ ಹೆಸರೇ ಇಲ್ಲ. ಹಾಗಾಗಿ ಉಳಿದದ್ದು ಹೆಸರು ಮಾತ್ರ, ಕಾವಲು ಬರಲಿಲ್ಲ. ಟೈಪ್‌ಗೆ ಹೆಸರಿಟ್ಟರೂ ಅಷ್ಟಕ್ಕಷ್ಟೆ: ಮೂರೇ ಬೆಲೆ ಇರೋ ಈನಮ್ ವೇರಿಯಬಲ್‌ಗೆ 42 ತುಂಬಿದರೆ ಸಿ ತಕರಾರು ತೆಗೆಯಲ್ಲ. ಸ್ವಿಚ್‌ನಲ್ಲಿ ಒಂದು ಕೇಸ್ ಬಿಟ್ಟುಹೋದರೆ ಜಿಸಿಸಿ ಡಬ್ಲ್ಯೂ-ಆಲ್ ಆಪ್ಷನ್‌ನಲ್ಲಿ ಎಚ್ಚರಿಸುತ್ತೆ, ನಿಜ. "ಇರಲಿ ಬಿಡು" ಅಂತ ಒಂದು ಡಿಫಾಲ್ಟ್ ಸೇರಿಸಿ ನೋಡಿ, ಆ ಬಾಯೂ ಮುಚ್ಚುತ್ತೆ.

ಗಾತ್ರದ ತಲೆನೋವು ಬೇರೆ. ಈನಮ್ ಎಷ್ಟು ಬೈಟ್ ಅನ್ನೋದು ಕಂಪೈಲರ್ ಇಷ್ಟ. ಲ್ಯಾಪ್‌ಟಾಪಲ್ಲಿ 4 ಬೈಟ್ ಆಗೋದು ಚಿಕ್ಕ ಆರ್ಮ್ ಬೋರ್ಡಲ್ಲಿ 1 ಆಗಬಹುದು. ಅದನ್ನೇ ಪ್ಯಾಕೆಟ್‌ನ ಸ್ಟ್ರಕ್ಟ್ ಒಳಗೆ ಇಟ್ಟರೆ ಆಮೇಲಿನ ಫೀಲ್ಡ್‌ಗಳೆಲ್ಲ ಜಾಗ ತಪ್ಪುತ್ತವೆ. ಸಿ23ರಲ್ಲಿ ಗಾತ್ರ ಹೇಳೋ ದಾರಿ ಬಂದಿದೆ, ಆದರೆ ಹಳೇ ಟೂಲ್‌ಚೈನ್‌ಗಳಿಗೆ ಅದು ಗೊತ್ತಿಲ್ಲ.

ಇನ್ನೊಂದು ತಮಾಷೆ. ಇಫ್‌ಡೆಫ್ ಕಣ್ಣಿಗೆ ಈನಮ್ ಕಾಣಲ್ಲ. ಅದಕ್ಕೇ ಲಿನಕ್ಸ್‌ನ ಆರ್‌ಟಿನೆಟ್‌ಲಿಂಕ್ ಹೆಡರ್‌ನಲ್ಲಿ ಈನಮ್ ಬರೆದು, ಪಕ್ಕದಲ್ಲೇ ಅದೇ ಹೆಸರನ್ನು ಅದೇ ಹೆಸರಿಗೆ ಡಿಫೈನ್ ಮಾಡಿದ್ದಾರೆ! ನೋಡೋಕೆ ವಿಚಿತ್ರ, ಆದರೆ ಇಬ್ಬರಿಗೂ ಊಟ ಬಡಿಸಿದ ಹಾಗಾಯ್ತು.

ನನ್ನ ತೀರ್ಪು ಇಷ್ಟು: ಒಂದಾದರೆ ಇನ್ನೊಂದಲ್ಲ ಅನ್ನೋ ಸ್ಥಿತಿಗಳಿಗೆ ಈನಮ್, ಡಿಫಾಲ್ಟ್ ಇಲ್ಲದ ಸ್ವಿಚ್. ರಿಜಿಸ್ಟರ್‌ಗೆ, ಪ್ಯಾಕೆಟ್‌ಗೆ ಗಾತ್ರ ಗೊತ್ತಿರೋ ಇಂಟಿಜರ್. ಹೊರಗಿಂದ ಬಂದ ಬೆಲೆಯನ್ನು ಮಾತ್ರ ನೀವೇ ಪರೀಕ್ಷಿಸಬೇಕು. ಹೊಲಕ್ಕೆ ಹೆಸರಿಟ್ಟ ಮಾತ್ರಕ್ಕೆ ಬೇಲಿ ಹಾಕಿದ ಹಾಗಾಗಲ್ಲ.