ಕ್ರೈಸ್ತ ಕನ್ನಡ: ಮಾತಿನ ಹಿಂದಿನ ಚರಿತ್ರೆ

‘ಕ್ರೈಸ್ತ ಮಿಷನರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆ’ ಎಂಬ ಪ್ರಶ್ನೆಗೆ ನಮ್ಮ ವಿದ್ಯಾರ್ಥಿಗಳು ಬರೆಯುವ ಉತ್ತರಗಳೆಲ್ಲ ಒಂದೇ ಅಚ್ಚಿನವು. 1843ರಲ್ಲಿ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಹೊರಬಂತು, ನಡುವೆ ಹಲವು ಪ್ರಾಚೀನ ಗ್ರಂಥಗಳು ಅಚ್ಚಾದವು. ಇಷ್ಟಕ್ಕೆ ಹತ್ತು ಅಂಕ. ತಪ್ಪು ವಿದ್ಯಾರ್ಥಿಗಳದಲ್ಲ, ಪಾಠ ಹೇಳುವ ನಮ್ಮದು. ನಾನೂ ಬಹುಕಾಲ ಹೀಗೆಯೇ ಪಾಠ ಹೇಳಿದವನು.

ಕಳೆದ ವರ್ಷ ಈ ಪಾಠ ಮುಗಿಸಿ ಪುಸ್ತಕ ಮಡಿಚುತ್ತಿದ್ದಾಗ ಕ್ರೈಸ್ತ ಮನೆತನದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಅವರು ನಿಮ್ಮ ಕನ್ನಡಕ್ಕೆ ಏನು ಕೊಟ್ಟರು ಅಂತ ಹೇಳಿದಿರಿ. ನಾವು ಮನೆಯಲ್ಲಿ ಪ್ರಾರ್ಥನೆ ಮಾಡುವ ಕನ್ನಡದ ವಿಷಯ ಎಲ್ಲೂ ಬರಲಿಲ್ಲವಲ್ಲ?” ಎಂದಳು. ಅವಳು ಕುಚೋದ್ಯಕ್ಕೆ ಕೇಳಿದ್ದಲ್ಲ. ‘ನಿಮ್ಮ ಕನ್ನಡ’ ಎಂಬ ಆ ಒಂದು ಮಾತು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ಅತ್ತು, ನಕ್ಕು, ದೇವರನ್ನು ಕರೆಯುವ ಒಂದು ಜನಸಮುದಾಯವನ್ನು ನಾವು ಸಾಹಿತ್ಯ ಚರಿತ್ರೆಯ ಹೊರಜಗಲಿಯಲ್ಲಿ ಕೂರಿಸಿ, ‘ನಿಘಂಟಿಗಾಗಿ ವಂದನೆ’ ಎಂದು ಹೇಳಿ ಕಳುಹಿಸುತ್ತಿದ್ದೇವೆಯೆ? ಈ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರದ ಒಂದು ಭಾಗ.

ಕ್ರೈಸ್ತ ಕನ್ನಡದ ಒಂದೆರಡು ಪದಗಳನ್ನೇ ಹಿಡಿದು ನೋಡೋಣ. ಯೇಸು ತನ್ನ ಶಿಷ್ಯರೊಡನೆ ಮಾಡಿದ ಕಡೆಯ ಊಟದ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಸ್ವೀಕರಿಸುವ ವಿಧಿಯುಂಟಷ್ಟೆ. ಪ್ರಾಟೆಸ್ಟಂಟ್ ಕನ್ನಡಿಗನು ಇದನ್ನು ‘ಕರ್ತನ ಭೋಜನ’ ಎನ್ನುತ್ತಾನೆ. ಅದೇ ಊರಿನ ಕ್ಯಾಥೊಲಿಕ್ ಕನ್ನಡಿಗನ ಬಾಯಲ್ಲಿ ಆ ಆರಾಧನೆ ‘ಬಲಿಪೂಜೆ’. ರೊಟ್ಟಿ ಒಂದೇ, ಮಾತು ಎರಡು. ಇದು ಕೇವಲ ಅನುವಾದಕರ ಅಭಿರುಚಿಭೇದವಲ್ಲ. ಹದಿನಾರನೆಯ ಶತಮಾನದ ಯೂರೋಪನ್ನು ಸೀಳಿದ ಜಗಳವೊಂದು ಈ ಎರಡು ಪದಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಪಾದ್ರಿಯು ವೇದಿಕೆಯ ಮೇಲೆ ನಡೆಸುವ ವಿಧಿ ದೇವರಿಗೆ ಅರ್ಪಿಸುವ ಬಲಿಯಲ್ಲ, ಕ್ರಿಸ್ತನು ಒಮ್ಮೆಗೇ ಆ ಬಲಿಯನ್ನು ಮುಗಿಸಿದ್ದಾನೆ ಎಂದು ಲೂಥರ್ ಸಾರಿದನು. ಅದು ನಿಜವಾದ ಬಲಿಯೇ ಹೌದೆಂದು ಟ್ರೆಂಟ್ ಮಹಾಸಭೆ 1562ರಲ್ಲಿ ನಿರ್ಣಯಿಸಿತು. ಜರ್ಮನಿಯ ಆ ವಾದವನ್ನು ಕೇಳಿಯೇ ಅರಿಯದ ನಮ್ಮ ರೈತನೊಬ್ಬ ಭಾನುವಾರ ಬೆಳಿಗ್ಗೆ ಒಂದು ಮಾತನ್ನಾಡಿ, ತಿಳಿಯದೆಯೇ ಅದರಲ್ಲಿ ಒಂದು ಪಕ್ಷ ವಹಿಸುತ್ತಾನೆ!

ಆದರೆ ಮಾತು ನೆಲ ಬದಲಿಸಿದರೆ ಅರ್ಥವೂ ಬದಲಾಗದೆ ಇರದು. ‘ಭೋಜನ’ ಎಂದೊಡನೆ ಯೂರೋಪಿನವನಿಗೆ ನೆನಪಾಗದ ಒಂದು ಸಂಗತಿ ನಮಗೆ ನೆನಪಾಗುತ್ತದೆ; ಅದು ಪಂಕ್ತಿ. ಯಾರು ಯಾರೊಡನೆ ಕುಳಿತು ಉಣ್ಣಬಹುದು ಎಂಬುದರ ಮೇಲೆಯೇ ನಿಂತ ಸಮಾಜ ನಮ್ಮದು. 1833ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಹೊಸದಾಗಿ ಮತಕ್ಕೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರಂಥವರೂ ಸೇರಿದರು. ಇವರೆಲ್ಲ ಒಂದೇ ಬಟ್ಟಲಿನಿಂದ ಕುಡಿಯಬೇಕಾಯಿತು. ಲೂಥರನ ಊರಿನಲ್ಲಿ ದೇವತಾಶಾಸ್ತ್ರದ ತರ್ಕವಾಗಿದ್ದ ‘ಭೋಜನ’ ಮಂಗಳೂರಿನಲ್ಲಿ ಜಾತಿಯ ಬೇಲಿಯನ್ನು ದಾಟುವ ಸಾಹಸವಾಯಿತು. ಇತ್ತ ‘ಬಲಿ’ ಎಂದರೆ ಮಾರಿಯ ಮುಂದಿನ ಕೋಣನನ್ನು ಕಂಡ ಊರಿಗೆ ‘ಬಲಿಪೂಜೆ’ ಎಂಬ ಮಾತು ಲ್ಯಾಟಿನ್ನಿನಲ್ಲಿ ಇಲ್ಲದ ಒಂದು ಕಂಪನವನ್ನು ಪಡೆಯಿತು.

ಬೇಲಿ ದಾಟಿದವನಿಗೆ ಹಿಂದಿನ ಮನೆಯಿಲ್ಲ, ಕಸುಬೂ ಇಲ್ಲ. ಬಿಲ್ಲವನು ಕ್ರೈಸ್ತನಾದ ಮೇಲೆ ಸೇಂದಿ ಇಳಿಸುವ ಕೆಲಸವನ್ನು ಬಿಡಬೇಕೆಂಬುದು ಮಿಷನ್ನಿನ ಕಟ್ಟಳೆ. ಹೊಟ್ಟೆಗೆ ಬೇರೆ ದಾರಿ ತೋರಿಸುವ ಹೊಣೆಯೂ ಮಿಷನ್ನಿನದೇ ಆಯಿತು. ನೇಯ್ಗೆಯ ಮಗ್ಗಗಳು ಬಂದುವು. 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಹುಟ್ಟಿತು. ಉಪದೇಶಕ್ಕೆಂದು ಬಂದವರು ಧಣಿಗಳಾದರು. ಭಾನುವಾರದ ‘ಸಭೆ’ಯೂ ಸೋಮವಾರದ ಕಾರ್ಖಾನೆಯೂ ಒಂದೇ ಕೈಯಲ್ಲಿ ಉಳಿದುವು. ಇದರಿಂದ ಸಾವಿರಾರು ಮಂದಿಗೆ ಅನ್ನ ದೊರೆಯಿತೆಂಬುದು ನಿಜ. ನಂಬಿಕೆಗೆ ವಿಧೇಯತೆಯ ಒಂದು ಹೊಸ ಬಣ್ಣ ಬಂತೆಂಬುದೂ ನಿಜವೇ ಇರಬೇಕು. ಕ್ರೈಸ್ತ ಧರ್ಮವನ್ನು ಗ್ರಂಥದಿಂದ ಮಾತ್ರ ಅಳೆಯುವವರು ಈ ಹೆಂಚಿನ ಕಡೆಗೂ ಒಮ್ಮೆ ತಲೆಯೆತ್ತಿ ನೋಡಬೇಕು.

ಇನ್ನು ಕಾವ್ಯದ ಮಾತು. 1862ರಲ್ಲಿ ಕಿಟ್ಟೆಲ್ ಅವರು ‘ಕಥಾಮಾಲೆ’ ಎಂಬ ಕೃತಿಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ನೆಲದ ಛಂದಸ್ಸಿಗೆ ಇಳಿಸಿದರು. ನಿಘಂಟಿನ ಕಿಟ್ಟೆಲ್ಲರನ್ನು ಬಲ್ಲ ನಮಗೆ ಈ ಕಿಟ್ಟೆಲ್ಲರ ಪರಿಚಯ ಕಡಿಮೆ. ಪ್ರಯತ್ನದ ಹಿಂದಿನ ತಿಳಿವಳಿಕೆ ದೊಡ್ಡದು: ಗದ್ಯದಲ್ಲಿ ಉಪದೇಶ ಮಾಡಿದರೆ ಕಿವಿಗೆ ಮುಟ್ಟೀತು, ಹಾಡಿದರೆ ಮಾತ್ರ ಮನಸ್ಸಿಗೆ ಇಳಿದೀತು ಎಂಬುದನ್ನು ಅವರು ಅರಿತಿದ್ದರು. ಹಾಗಿದ್ದರೂ ಕೃತಿ ಜನರ ನಾಲಗೆಯಲ್ಲಿ ನಿಲ್ಲಲಿಲ್ಲ. ಪರದೇಶಿಯ ಕನ್ನಡ ಎಂದು ಇದಕ್ಕೆ ಕಾರಣ ಹೇಳುವುದು ಸುಲಭ. ನನಗೆ ಅದು ಒಪ್ಪಿಗೆಯಲ್ಲ. ‘ಜೈಮಿನಿ ಭಾರತ’ ಉಳಿದದ್ದು ಲಕ್ಷ್ಮೀಶನ ಪ್ರತಿಭೆಯಿಂದ ಮಾತ್ರವಲ್ಲ, ಅದನ್ನು ವಾಚಿಸಿ ಕೇಳುವ ಜಗಲಿಗಳಿಂದ ಕೂಡ. ‘ಕಥಾಮಾಲೆ’ಗೆ ಅಂಥ ಜಗಲಿ ದೊರೆಯಲಿಲ್ಲ. ಗಮಕದ ರುಚಿಯುಳ್ಳವರಿಗೆ ಈ ಕಥೆ ಬೇಡವಾಗಿತ್ತು. ಕಥೆ ಬೇಕಾಗಿದ್ದವರು ಜರ್ಮನ್ ರಾಗಕ್ಕೆ ಹೊಂದಿಸಿದ ಕೀರ್ತನೆಗಳನ್ನು ಹಾಡಲು ಕಲಿತಿದ್ದರು. ಛಂದಸ್ಸು ಸಿಕ್ಕಿತು, ಕೇಳುವ ಸಮಾಜ ಸಿಕ್ಕಲಿಲ್ಲ. ಕವಿಯ ಸೋಲೆನ್ನುವುದಕ್ಕಿಂತ ಇದನ್ನು ಕಾಲದ ಸೋಲು ಎನ್ನುವುದೇ ನ್ಯಾಯ.

ಆ ಕಾಲ ಮುಂದೆ ಬದಲಾಯಿತು. ಸ್ವಾತಂತ್ರ್ಯ ಬಂದ ಮರುತಿಂಗಳೇ, 1947ರ ಸೆಪ್ಟೆಂಬರ್ 27ರಂದು, ಯೂರೋಪಿನಲ್ಲಿ ಬೇರೆಬೇರೆಯಾಗಿ ಹುಟ್ಟಿದ ಹಲವು ಪ್ರಾಟೆಸ್ಟಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಅವಕಾಶ ಕೊಟ್ಟ ಮೇಲೆ, ಅದುವರೆಗೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಗೆ ಕನ್ನಡ ಪ್ರವೇಶಿಸಿತು. 1969ರಲ್ಲಿ ಭಾರತೀಯ ಕ್ಯಾಥೊಲಿಕರ ಆರಾಧನೆಗೆ ಹನ್ನೆರಡು ಮಾರ್ಪಾಡುಗಳು ಒಪ್ಪಿಗೆಯಾದವು. ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ ಎತ್ತುವುದು ಇವುಗಳಲ್ಲಿ ಸೇರಿದುವು. ಸಂತೋಷಪಟ್ಟವರಿದ್ದರು, ‘ಇದು ನಮ್ಮ ಧರ್ಮವೆ?’ ಎಂದು ಸಿಡಿಮಿಡಿಗೊಂಡ ಭಕ್ತರೂ ಇದ್ದರು.

ಇದಕ್ಕಿಂತ ಆಳವಾದ ಪ್ರಶ್ನೆ ಇನ್ನೊಂದು ದಿಕ್ಕಿನಿಂದ ಬಂತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ವಿಚಾರ ಬೆಳೆಯಿತು. ಭಾರತೀಯತೆ ಎಂದು ನೀವು ತೊಡಿಸುವ ಉಡುಪು ಯಾರ ಮನೆಯದು? ದೇವಾಲಯದ ಬಾಗಿಲು ಮುಚ್ಚಿದ್ದರಿಂದಲೇ ಹೊರಟು ಬಂದವನಿಗೆ ಆ ದೇವಾಲಯದ ಪರಿಭಾಷೆಯನ್ನೇ ಮತ್ತೆ ಕಲಿಸುವುದೆ? ಈ ಪ್ರಶ್ನೆಯ ಬೆಳಕಿನಲ್ಲಿ ‘ದೀಕ್ಷಾಸ್ನಾನ’ ಎಂಬಂಥ ಸುಂದರ ಸಮಾಸವೂ ಬೇರೆಯಾಗಿ ಕಾಣತೊಡಗುತ್ತದೆ. ಪಂಕ್ತಿ ಒಂದಾದ ಮೇಲೂ ಬೀಗತನದಲ್ಲಿ ಜಾತಿ ಉಳಿದದ್ದು ಚರ್ಚಿನವರು ತಾವೇ ಒಪ್ಪುವ ಸಂಗತಿ. ಆದ್ದರಿಂದ ಆ ಬಟ್ಟಲು ಆರಂಭಿಸಿದ ಕೆಲಸ ಇನ್ನೂ ಮುಗಿದಿಲ್ಲ.

ಧರ್ಮವು ಬದಲಾಗದ ಸತ್ಯವೆಂದು ನಂಬುವವರಿಗೆ ಈ ಚರಿತ್ರೆ ಅಪ್ರಿಯವಾಗಬಹುದು. ನನ್ನ ಕೆಲಸ ಸತ್ಯದ ತೀರ್ಪಲ್ಲ, ಮಾತಿನ ವಿಚಾರ. ವಚನದ ಭಾಷೆಯ ಹಿಂದೆ ಕಾಯಕದವರ ಬದುಕನ್ನು ಹುಡುಕುವ ನಾವು, ಪ್ರಾರ್ಥನೆಯ ಭಾಷೆಯ ಹಿಂದೆ ಮಗ್ಗದವರ, ಹೆಂಚಿನವರ ಬದುಕನ್ನು ಏಕೆ ಹುಡುಕಬಾರದು? ಈ ವರ್ಷ ಆ ಪಾಠದ ದಿನ ನಿಘಂಟಿನಿಂದ ಆರಂಭಿಸದೆ, ಹಲಗೆಯ ಮೇಲೆ ‘ಕರ್ತನ ಭೋಜನ’, ‘ಬಲಿಪೂಜೆ’ ಎಂಬ ಎರಡು ಮಾತುಗಳನ್ನು ಬರೆದೆ. ತರಗತಿ ತುಂಬ ಕೈಗಳು ಎದ್ದುವು. ಆ ಹುಡುಗಿ ಆಗಲೇ ತೇರ್ಗಡೆಯಾಗಿ ಹೋಗಿದ್ದಳು. ಅವಳಿಗೆ ಸಲ್ಲಬೇಕಾದ ಉತ್ತರವನ್ನು ಅವಳ ಕಿರಿಯರಿಗೆ ಒಪ್ಪಿಸಿದೆ.