ಹಾಜಿ ಮುರಾದ್ ಮತ್ತು ನಮ್ಮ ರಷ್ಯನ್ ಓದು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ನಾವು ರಷ್ಯನ್ ಕತೆಗಳನ್ನು ಓದಿದ್ದು ಹೆಚ್ಚಾಗಿ ಇಂಗ್ಲಿಷಿನ ಮೂಲಕ ಬಂದ ಅನುವಾದಗಳಲ್ಲಿ. ನಿರಂಜನರು ಕನ್ನಡಕ್ಕೆ ತಂದ ಗಾರ್ಕಿಯ ‘ತಾಯಿ’ಯ ಋಣ ದೊಡ್ಡದು. ಆದರೆ ಟಾಲ್‌ಸ್ಟಾಯ್ ಅವರ ‘ಹಾಜಿ ಮುರಾದ್’ಗೆ ಈ ದಾರಿ ಸಾಲದು. ಲೇಖಕರು ತೀರಿಕೊಂಡ ಮೇಲೆ, 1912ರಲ್ಲಿ ಪ್ರಕಟವಾದ ಈ ಕಿರುಕಾದಂಬರಿಯಲ್ಲಿ ಕಾಕಸಸ್ ಬೆಟ್ಟಗಳ ಮುಸ್ಲಿಮರ ಮುರೀದ್, ನಾಯಿಬ್, ಇಮಾಮ್‌ಗಳಿದ್ದಾರೆ. ‘ಮುರೀದ್’ ಪದವನ್ನು ‘ಶಿಷ್ಯ’ ಎಂದುಬಿಟ್ಟರೆ ಅರ್ಧ ಅರ್ಥ ಸೋರಿಹೋಗುತ್ತದೆ. ಉರುಸಿಗೆ ಹೋಗುವ ನಮ್ಮವರಿಗೆ ಪೀರ್-ಮುರೀದ್ ಸಂಬಂಧ ಗೊತ್ತು. ಆದರೆ ಇಮಾಮ್ ಶಮೀಲರ ಮುರೀದ್ ಬಂದೂಕು ಹಿಡಿದವನೂ ಹೌದು. ಉರ್ದು ಬಲ್ಲವರೂ ಇಲ್ಲಿ ಒಂದು ಗಳಿಗೆ ಎಡವುತ್ತಾರೆ.

ಟಾಲ್‌ಸ್ಟಾಯ್ 1844ರಲ್ಲಿ ಕಜಾನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅರಬ್ಬಿ, ತುರ್ಕಿ ಕಲಿಯಲೆಂದು. ಬೇಗನೆ ಬಿಟ್ಟರು, ಅದು ಬೇರೆ ಮಾತು. ತಾತಾರ್ ಮುಸ್ಲಿಮರ ಆ ಊರಿಗೆ ಈಗ ಭಾರತದ ಮಕ್ಕಳು ಡಾಕ್ಟರಿಕೆ ಓದಲು ಹೋಗುತ್ತಾರೆ. ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿಯ ಮಂಚದ ಪಕ್ಕ ರಷ್ಯನ್ ಬೇಕೇ ಬೇಕು. ಹಾಗೆ ಹೋದ ನಮ್ಮ ಜಿಲ್ಲೆಯ ಹುಡುಗಿಯೊಬ್ಬಳು ಔಷಧಿ ಚೀಟಿಯ ಆಚೆಗೂ ಆ ಭಾಷೆ ಕಲಿತು ‘ಹಾಜಿ ಮುರಾದ್’ ಅನ್ನು ಮೂಲದಿಂದಲೇ ಕನ್ನಡಕ್ಕೆ ತರುವುದಾದರೆ, ‘ಮುರೀದ್’ ಅನ್ನು ಹಾಗೆಯೇ ಉಳಿಸಿಕೊಳ್ಳಲಿ. ಕೆಳಗೊಂದು ಅಡಿಟಿಪ್ಪಣಿ ಸಾಕು.