ನೊಗ, ದೀಪ, ಸೇತುವೆ: ಜ್ಯೂಗ್ಮಾ ಎಂಬ ಅಲಂಕಾರ, ಜ್ಯೂಗ್ಮಾ ಎಂಬ ಊರು

'ಮಾವನವರು ಮೂರು ಹೋಳಿಗೆಯನ್ನೂ ಬಾಯಿಗೆ ಬಂದ ಮಾತನ್ನೂ ನುಂಗಿಕೊಂಡು ಪಂಕ್ತಿಯಿಂದ ಎದ್ದರು.'

ಈ ವಾಕ್ಯದಲ್ಲಿ ಕ್ರಿಯಾಪದ ಒಂದೇ, ಅದು ಮಾಡುತ್ತಿರುವ ಕೆಲಸ ಎರಡು. ಹೋಳಿಗೆ ನುಂಗುವುದು ಗಂಟಲಿನ ಕೆಲಸ. ಮಾತು ನುಂಗುವುದು ಮರ್ಯಾದೆಯ ಕೆಲಸ. ಎರಡನ್ನೂ ಒಂದೇ 'ನುಂಗು'ವಿಗೆ ಕಟ್ಟಿದ್ದರಿಂದ ಬೀಗರ ನಡುವೆ ಏನೋ ನಡೆದಿದೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಪಶ್ಚಿಮದ ಅಲಂಕಾರಶಾಸ್ತ್ರ ಈ ಕಟ್ಟನ್ನು ಜ್ಯೂಗ್ಮಾ ಎಂದು ಕರೆಯುತ್ತದೆ. ಅರ್ಥ ಪಲ್ಲಟವಾಗುವ ಇಂಥ ಬಗೆಗೆ 'ಸಿಲೆಪ್ಸಿಸ್' ಎಂಬ ಬೇರೆ ಹೆಸರು ಬೇಕೆಂದು ವಾದಿಸುವ ವ್ಯಾಕರಣಕಾರರೂ ಇದ್ದಾರೆ. ಆ ಜಗಳ ಇಂದಿಗೂ ಮುಗಿದಿಲ್ಲ. ನಮ್ಮ ಕೆಲಸಕ್ಕೆ ಒಂದೇ ಹೆಸರು ಸಾಕು.

ಗ್ರೀಕಿನಲ್ಲಿ ಜ್ಯೂಗ್ಮಾ ಎಂದರೆ ನೊಗ ಹೂಡಿದ್ದು, ಜೋಡಿಸಿದ್ದು. ಸಂಸ್ಕೃತದ 'ಯುಜ್' ಧಾತುವೂ ಅದರ ಮೂಲವೂ ಒಂದೇ. ನಾವು ದಿನವೂ ಬಳಸುವ ಯೋಗ, ಯುಗಳ, ಯುಗ್ಮ ಇವೆಲ್ಲ ಜ್ಯೂಗ್ಮಾದ ದಾಯಾದಿಗಳು. ಗ್ರೀಕರು ಹೊಳೆಗೆ ಸೇತುವೆ ಕಟ್ಟುವುದನ್ನೂ ಇದೇ ಮಾತಿನಿಂದ ಹೇಳುತ್ತಿದ್ದರು: ದೋಣಿಗಳನ್ನು ಸಾಲಾಗಿ ಬಿಗಿದು ನೀರಿಗೆ ನೊಗ ಹೂಡುವುದು. ಬಿ.ಎಂ.ಶ್ರೀ. 'ಪಾರಸಿಕರು' ಎಂದು ಕನ್ನಡಕ್ಕೆ ತಂದ ಈಸ್ಕಿಲಸ್‌ನ ನಾಟಕದಲ್ಲಿ ಪರ್ಷಿಯದ ದೊರೆ ಕಡಲಿಗೇ ಹೀಗೆ ನೊಗ ಹೂಡಿದ್ದು ಬರುತ್ತದೆ. ಅಲ್ಲಿ ಅದು ಸಾಹಸವಾಗಿ ಉಳಿಯದೆ, ದೇವತೆಗಳು ಸಹಿಸದ ಅಹಂಕಾರವಾಗುತ್ತದೆ.

ಈ ಹೆಸರಿನ ಊರೊಂದು ಯೂಫ್ರೆಟಿಸ್ ನದಿಯ ದಡದಲ್ಲಿತ್ತು. ಇಂದಿನ ತುರ್ಕಿಯ ಗಾಜಿಯಾಂತೆಪ್ ಪ್ರಾಂತ್ಯದ ನಿಜಿಪ್ ಪಟ್ಟಣದ ಹತ್ತಿರದ ಜಾಗ ಅದು. ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡವನೆಂದು ನಮಗೆ ಪಾಠದಲ್ಲಿ ಪರಿಚಯವಾದ ಸೆಲ್ಯೂಕಸ್, ಕ್ರಿ.ಪೂ. 300ರ ಸುಮಾರಿಗೆ ಅಲ್ಲಿ ಎದುರುಬದುರಾಗಿ ಎರಡು ಪಟ್ಟಣ ಕಟ್ಟಿಸಿದ. ಪಶ್ಚಿಮ ದಡದ್ದಕ್ಕೆ ತನ್ನ ಹೆಸರಿನಿಂದ ಸೆಲ್ಯೂಕಿಯ ಎಂದೂ ಪೂರ್ವ ದಡದ್ದಕ್ಕೆ ಹೆಂಡತಿ ಅಪಾಮಾಳ ಹೆಸರಿನಿಂದ ಅಪಾಮಿಯ ಎಂದೂ ಕರೆದ. ನಡುವೆ ಸೇತುವೆ. ಕಾಲ ಕಳೆದಂತೆ ಜನರ ಬಾಯಲ್ಲಿ ರಾಜನ ಹೆಸರು ಹಿಂದೆ ಸರಿಯಿತು. ಊರಿಗೆ ನಿಂತದ್ದು ಸೇತುವೆಯ ಹೆಸರು: ಜ್ಯೂಗ್ಮಾ.

ಈ ಸೇತುವೆಯ ಮೇಲೆ ನಡೆದ ಒಂದು ಪ್ರಸಂಗವನ್ನು ಪ್ಲೂಟಾರ್ಕ್ ಹೇಳುತ್ತಾನೆ. ಕ್ರಿ.ಪೂ. 53ರಲ್ಲಿ ರೋಮಿನ ಕ್ರಾಸಸ್ ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೋಗುವಾಗ ಇಲ್ಲಿಯೇ ನದಿ ದಾಟಿದ. ಗುಡುಗು, ಮಿಂಚು, ಬಿರುಗಾಳಿ. ಹೆದರಿದ ಸೈನಿಕರಿಗೆ ಧೈರ್ಯ ಹೇಳಲು ಹೋಗಿ, ನಿಮ್ಮಲ್ಲಿ ಯಾರೂ ಮರಳಿ ಬಾರದಂತೆ ಈ ಸೇತುವೆಯನ್ನು ಕೆಡವಿಸುತ್ತೇನೆ ಎಂಬರ್ಥದ ಮಾತಾಡಿದ. ಹಿಮ್ಮೆಟ್ಟಬೇಡಿ ಎಂಬುದು ಅವನ ಉದ್ದೇಶ. ಸೈನಿಕರ ಕಿವಿಗೆ ಬಿದ್ದದ್ದು, ನೀವು ಬದುಕಿ ಬರುವುದಿಲ್ಲ ಎಂದು. ಮಾತಿಗೆ ಎರಡು ಅರ್ಥವಾಗಿದೆ ಎಂದು ಗೊತ್ತಾದ ಮೇಲೂ ಆತ ತಿದ್ದಿ ಹೇಳಲಿಲ್ಲ ಎಂಬುದು ಪ್ಲೂಟಾರ್ಕನ ದೂರು. ಅದೇ ವರ್ಷ ಕಾರ್‍ಹೆಯ ಕಾಳಗದಲ್ಲಿ ಸೈನ್ಯ ನುಚ್ಚುನೂರಾಯಿತು, ಕ್ರಾಸಸ್ ಸತ್ತ. 'ಮರಳದಿರು' ಎಂಬ ಒಂದು ಕ್ರಿಯೆಯ ಕೆಳಗೆ ಶೌರ್ಯವೂ ಸಾವೂ ಒಟ್ಟಿಗೆ ಬಂದು ಕೂತಿದ್ದವು. ಹೋಳಿಗೆಯ ವಾಕ್ಯದಲ್ಲಿ ನಗೆ ತರಿಸಿದ ಕಟ್ಟೇ ಇಲ್ಲಿ ಎದೆ ನಡುಗಿಸುತ್ತದೆ. ಅಲಂಕಾರ ಎಂದರೆ ಮಾತಿನ ಮೇಲಿನ ಒಡವೆ ಎಂದುಕೊಂಡವರು ಈ ಪ್ರಸಂಗವನ್ನು ನೆನೆಯಬೇಕು.

ನಮ್ಮ ಲಾಕ್ಷಣಿಕರಿಗೆ ಈ ಕಟ್ಟು ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಹೆಸರಿಸುವ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ಮೂರನೆಯ ದೀಪಕವೇ ಜ್ಯೂಗ್ಮಾದ ಹತ್ತಿರದ ನೆಂಟ. ಒಂದು ಪದ ಒಂದೆಡೆ ನಿಂತು ವಾಕ್ಯದ ಹಲವು ಭಾಗಗಳನ್ನು ಬೆಳಗುತ್ತದೆ. ಆ ಪದ ಮೊದಲು ಬಂದರೆ ಆದಿದೀಪಕ, ನಡುವೆ ಬಂದರೆ ಮಧ್ಯದೀಪಕ, ಕೊನೆಗೆ ಬಂದರೆ ಅಂತ್ಯದೀಪಕ ಎಂದು ಭಾಮಹ ವಿಂಗಡಿಸಿದ. ಪಶ್ಚಿಮದವರೂ ಜ್ಯೂಗ್ಮಾವನ್ನು ಮೊದಲು, ನಡು, ಕೊನೆ ಎಂದೇ ಮೂರು ಮಾಡಿದ್ದಾರೆ. ದಂಡಿಯ ದಾರಿಯಲ್ಲಿ ನಡೆದ 'ಕವಿರಾಜಮಾರ್ಗ' 9ನೇ ಶತಮಾನದಲ್ಲೇ ದೀಪಕವನ್ನು ಕನ್ನಡಕ್ಕೆ ತಂದಿತು.

ವಿಂಗಡಣೆ ಒಂದೇ ಆದರೂ ಹೆಸರಿನ ಹಿಂದಿನ ಕಣ್ಣು ಬೇರೆ. ನೊಗಕ್ಕೆ ಕಟ್ಟಿದ ಎತ್ತುಗಳಿಗೆ ಬಿಡುವಿಲ್ಲ. ಒಂದು ನಡೆದರೆ ಇನ್ನೊಂದೂ ನಡೆಯಬೇಕು. ದೀಪ ಹಾಗೆ ಯಾರನ್ನೂ ಕಟ್ಟುವುದಿಲ್ಲ. ಹೊಸ್ತಿಲ ಮೇಲಿಟ್ಟ ಹಣತೆ ಒಳಮನೆಗೂ ಅಂಗಳಕ್ಕೂ ಬೆಳಕು ಕೊಡುತ್ತದೆ, ಒಳಗಿನದು ಒಳಗೇ ಹೊರಗಿನದು ಹೊರಗೇ ಇರುತ್ತದೆ. ದೇಹಲೀದೀಪನ್ಯಾಯ ಎನ್ನುವುದು ಇದನ್ನೇ. ಗುರಿಯಲ್ಲೂ ವ್ಯತ್ಯಾಸವಿದೆ. ದೀಪಕ ಹುಡುಕುವುದು ಹೋಲಿಕೆಯನ್ನು. ಬೇರೆಬೇರೆ ವಸ್ತುಗಳಲ್ಲಿ ಒಂದೇ ಧರ್ಮವನ್ನು ತೋರಿಸಿ ಒಳಗೊಳಗೇ ಉಪಮೆಯನ್ನು ಹೊಳೆಯಿಸುತ್ತದೆ. ಇಂಗ್ಲಿಷಿನ ಹಾಸ್ಯಕವಿಗಳ ಕೈಯಲ್ಲಿ ಜ್ಯೂಗ್ಮಾ ಬೆಳೆದದ್ದು ಹೋಲದಿರುವಿಕೆಯ ಮೇಲೆ.

ಇದಕ್ಕೆ ಅಲೆಗ್ಸಾಂಡರ್ ಪೋಪ್ ಒಳ್ಳೆಯ ಸಾಕ್ಷಿ. 1712ರಲ್ಲಿ ಮೊದಲು ಅಚ್ಚಾದ 'ದಿ ರೇಪ್ ಆಫ್ ದಿ ಲಾಕ್' ಕಾವ್ಯದಲ್ಲಿ ಒಬ್ಬ ತರುಣಿಯ ಮಾನಕ್ಕೂ ಅವಳ ಹೊಸ ಜರತಾರಿ ಬಟ್ಟೆಗೂ ಕಲೆ ಹತ್ತುವ ಕ್ರಿಯೆ ಒಂದೇ. ಕವಿ ಆ ಸಮಾಜವನ್ನು ಬಯ್ಯುವುದಿಲ್ಲ. ಮಾನ, ಬಟ್ಟೆ ಎರಡನ್ನೂ ಒಂದೇ ತಕ್ಕಡಿಗಿಟ್ಟು ಸುಮ್ಮನಾಗುತ್ತಾನೆ. ಆ ಜನ ಎರಡಕ್ಕೂ ಒಂದೇ ತೂಕ ಕೊಟ್ಟಿದ್ದರು ಎಂಬುದು ತಾನಾಗಿ ಕಾಣುತ್ತದೆ. ತೀರ್ಪು ಕೊಡುವ ಕೆಲಸ ವ್ಯಾಕರಣದ್ದು.

ಇದನ್ನು ಕನ್ನಡಕ್ಕೆ ತರುವಾಗ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ. ಓದುಗ ಮಾನದ ಗಾಂಭೀರ್ಯದಲ್ಲಿ ಕಾಲಿಟ್ಟು ಬಟ್ಟೆಯ ಮೇಲೆ ಜಾರುತ್ತಾನೆ. ಕನ್ನಡದ ಸಹಜ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ. 'ಮಾನಕ್ಕೋ ಸೀರೆಗೋ' ಎಂದ ಕೂಡಲೇ ಓದುಗನಿಗೆ ತುಂಟತನದ ವಾಸನೆ ಹತ್ತಿರುತ್ತದೆ. ಎರಡು ವಸ್ತುಗಳನ್ನು ಕತ್ತಲಲ್ಲಿ ಹೊತ್ತು ನಡೆದು, ಕೊನೆಯ ಪದದಲ್ಲಿ ದೀಪ ಹೊತ್ತಿದಾಗ ಅವು ಜೋಡಿಯಾದ ಕಾರಣ ತಿಳಿಯುತ್ತದೆ. ಅಲ್ಲಿ ಜಾರುಬಂಡೆಯ ಮೋಜು, ಇಲ್ಲಿ ಒಗಟು ಬಿಡಿಸಿದ ಮೋಜು. ಜಾರುಬಂಡೆಯೇ ಬೇಕೆಂದರೆ ಕನ್ನಡಕ್ಕೆ ದಾರಿಯಿಲ್ಲದಿಲ್ಲ: 'ಅವನು ಆ ಸಂತೆಯಲ್ಲಿ ಕಳೆದುಕೊಂಡದ್ದು ಎರಡೇ: ಕೊಡೆ ಮತ್ತು ಮರ್ಯಾದೆ.' ಅನುವಾದಕ್ಕೆ ಕೈಹಾಕುವವರು ಪದಗಳನ್ನು ಆಯುವ ಮೊದಲು ದೀಪ ಎಲ್ಲಿಡಬೇಕೆಂದು ನಿರ್ಧರಿಸಿಕೊಂಡರೆ ಒಳ್ಳೆಯದು.

ಇನ್ನೊಂದು ಕಡೆಯಿಂದ ಕನ್ನಡ ಶ್ರೀಮಂತವಾಗಿದೆ. ನಮ್ಮಲ್ಲಿ ಏಟು, ಲಂಚ, ತಲೆ ಎಲ್ಲವನ್ನೂ ತಿನ್ನುತ್ತಾರೆ. ಮಾತು, ಹೆಣ್ಣು, ಸಾಲ, ಕೈ ಎಲ್ಲವನ್ನೂ ಕೊಡುತ್ತಾರೆ. 'ಸಾಹೇಬರು ಎರಡು ಇಡ್ಲಿ, ಒಂದು ವಡೆ, ಐದು ಸಾವಿರ ಲಂಚ ತಿಂದು ಕೈ ತೊಳೆದರು' ಎಂಬ ವಾಕ್ಯ ಕಟ್ಟಲು ಕವಿಯೇ ಆಗಬೇಕಿಲ್ಲ. ಸುಲಭವಾದದ್ದರಿಂದಲೇ ಅಪಾಯವೂ ಉಂಟು. 'ಪಂದ್ಯವನ್ನೂ ಪ್ರೇಕ್ಷಕರ ಮನವನ್ನೂ ಗೆದ್ದರು' ಎಂದು ಪತ್ರಿಕೆಯಲ್ಲಿ ಓದಿದಾಗ ನಮಗೆ ಏನೂ ಆಗುವುದಿಲ್ಲ. ಪಂದ್ಯಕ್ಕೂ ಮನಕ್ಕೂ ನಡುವಿನ ದೂರವೇ ಸವೆದುಹೋಗಿದೆ. ಜ್ಯೂಗ್ಮಾದ ಸೇತುವೆ ಕಟ್ಟಲು ಅಲೆಕ್ಸಾಂಡರ್ ಬಳಸಿದ ಕಬ್ಬಿಣದ ಸರಪಳಿ ಆ ಊರಲ್ಲಿದೆ, ಅದಕ್ಕೆ ಆಮೇಲೆ ಸೇರಿಸಿದ ಹೊಸ ಕೊಂಡಿಗಳು ತುಕ್ಕು ಹಿಡಿದಿವೆ, ಹಳೆಯವು ಹಿಡಿದಿಲ್ಲ ಎಂದು ಪ್ಲಿನಿ ಬರೆದಿದ್ದಾನೆ. ಲೋಹದ ಮಟ್ಟಿಗೆ ಅದು ನಿಜವೋ ದಂತಕತೆಯೋ, ಅಲಂಕಾರದ ಮಟ್ಟಿಗಂತೂ ದಿಟ. ಪೋಪನ ಕೊಂಡಿ ಮುನ್ನೂರು ವರ್ಷದ ಮೇಲೂ ಹೊಳೆಯುತ್ತದೆ, ನಿನ್ನೆಯ ಶೀರ್ಷಿಕೆ ಇವತ್ತಿಗೆ ತುಕ್ಕು.

ಈ ಅಲಂಕಾರ ಬದುಕುವುದು ಎರಡು ದಡಗಳು ಬೇರೆಯಾಗಿ ಉಳಿದಾಗ. ದಡಗಳೇ ಇಲ್ಲವಾದರೆ ಏನಾಗುತ್ತದೆಂದು ಆ ಊರೇ ತೋರಿಸಿಕೊಟ್ಟಿತು. 2000ನೇ ಇಸವಿಯಲ್ಲಿ ಬಿರೆಜಿಕ್ ಅಣೆಕಟ್ಟಿನ ನೀರು ಏರಿತು. ಎದುರು ದಡದ ಅಪಾಮಿಯ ಪೂರ್ತಿ ಮುಳುಗಿತು, ಜ್ಯೂಗ್ಮಾದ ತಗ್ಗಿನ ಭಾಗವೂ ಮುಳುಗಿತು. ಪುರಾತತ್ವದವರು ಹಗಲಿರುಳು ದುಡಿದು ರೋಮನ್ ಕಾಲದ ಮನೆಗಳ ಮೊಸಾಯಿಕ್ ನೆಲಹಾಸುಗಳನ್ನು ಎತ್ತಿದರು. 2011ರಲ್ಲಿ ಗಾಜಿಯಾಂತೆಪ್‌ನಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಅವು ಈಗ ಇವೆ. 'ಜಿಪ್ಸಿ ಹುಡುಗಿ' ಎಂದು ಹೆಸರಾದ, ಕಣ್ಣಲ್ಲೇ ಹಿಡಿದು ನಿಲ್ಲಿಸುವ ಮುಖವೂ ಅಲ್ಲಿಯೇ ಇದೆ.

ಈಗ ಈ ವಾಕ್ಯ ನೋಡಿ: 'ಅಣೆಕಟ್ಟಿನ ನೀರು ಮೊಸಾಯಿಕ್‌ಗಳನ್ನೂ ಪಿಸ್ತಾ ತೋಟಗಳನ್ನೂ ಬೆಲ್ಕಿಸ್ ಹಳ್ಳಿಯ ಮನೆಗಳನ್ನೂ ಮುಳುಗಿಸಿತು.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಜಗತ್ತಿನ ಕಣ್ಣು ನೆಟ್ಟದ್ದು ಮೊಸಾಯಿಕ್‌ಗಳ ಮೇಲೆ. ಮನೆ ಬಿಟ್ಟವರು ವಾಕ್ಯದ ಬಾಲದಲ್ಲಿ ಉಳಿದರು. ಶರಾವತಿ ಕಣಿವೆಯನ್ನು ನಾ. ಡಿಸೋಜರ ಕಾದಂಬರಿಗಳ ಮೂಲಕ ಬಲ್ಲ ಕನ್ನಡದ ಓದುಗರಿಗೆ 'ಮುಳುಗಡೆ' ಎಂಬ ಒಂದೇ ಪದದ ಕೆಳಗೆ ಎಷ್ಟು ಬಗೆಯ ನಷ್ಟ ಅಡಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ಕಡೆ ಮಮ್ಮಟನ ಒಂದು ಭೇದ ನೆರವಿಗೆ ಬರುತ್ತದೆ. ಒಂದೇ ಕ್ರಿಯೆಗೆ ಸೇರಿದವುಗಳಲ್ಲಿ ಕೆಲವು ಪ್ರಕೃತ, ಅಂದರೆ ಹೇಳಹೊರಟ ವಿಷಯ, ಉಳಿದವು ಅಪ್ರಕೃತ, ಅಂದರೆ ಹೋಲಿಕೆಗೆ ತಂದವು ಆಗಿದ್ದರೆ ಅದು ದೀಪಕ. ಎಲ್ಲವೂ ಪ್ರಕೃತವೇ ಆಗಿದ್ದರೆ, ಅಥವಾ ಎಲ್ಲವೂ ಅಪ್ರಕೃತವೇ ಆಗಿದ್ದರೆ, ತುಲ್ಯಯೋಗಿತೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಭೇದವಿದು. ಆದರೆ ಯೋಜನೆಯೊಂದರ ವರದಿಯಲ್ಲಿ 'ವಿದ್ಯುತ್, ನೀರಾವರಿ ಮತ್ತು ಸ್ಥಳಾಂತರ' ಎಂಬ ಮೂರು ಒಂದೇ ಕ್ರಿಯಾಪದಕ್ಕೆ ಜೋತುಬಿದ್ದಾಗ, ಇದರಲ್ಲಿ ಪ್ರಕೃತ ಯಾವುದು, ಯಾರಿಗೆ, ಎಂದು ಕೇಳಲು ಇದಕ್ಕಿಂತ ಹರಿತವಾದ ಸಲಕರಣೆ ಸಿಗುವುದು ಕಷ್ಟ. ತುಲ್ಯವಲ್ಲದವುಗಳಿಗೆ ತುಲ್ಯಯೋಗಿತೆಯ ವೇಷ ತೊಡಿಸುವುದು ಕಚೇರಿಯ ಭಾಷೆಯ ಹಳೆಯ ಚಾಳಿ. ಪೋಪ್ ಅದೇ ವೇಷವನ್ನು ನಮಗೆ ಕಾಣಲೆಂದು ತೊಡಿಸಿದ. ಕಚೇರಿ ಕಾಣಬಾರದೆಂದು ತೊಡಿಸುತ್ತದೆ.

ಜ್ಯೂಗ್ಮಾದಲ್ಲಿ ಸಿಕ್ಕ ಒಂದು ಮೊಸಾಯಿಕ್‌ನಲ್ಲಿ ಮೆಟಿಯೋಕಸ್, ಪಾರ್ಥೆನೊಪೆ ಎಂಬ ಪ್ರೇಮಿಗಳಿದ್ದಾರೆ. ಅವರ ಕಥೆ ಹೇಳುವ ಗ್ರೀಕ್ ಕಾದಂಬರಿ ನಮಗೆ ತುಣುಕುಗಳಲ್ಲಷ್ಟೇ ಉಳಿದಿದೆ. ಮೊಸಾಯಿಕ್‌ನಿಂದ ಇಬ್ಬರ ಚಿತ್ರವನ್ನೂ ಕಳ್ಳರು ಕತ್ತರಿಸಿ ಒಯ್ದಿದ್ದರು. ಅದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಪತ್ತೆಯಾಗಿ, ಊರು ಮುಳುಗಿದ ಅದೇ 2000ದಲ್ಲಿ ತುರ್ಕಿಗೆ ಮರಳಿತು. ಪ್ರೇಮಿಗಳು ಚೌಕಟ್ಟಿಗೆ ಬಂದರು. ಅಪಾಮಿಯ ಮಾತ್ರ ನೀರಡಿಯಲ್ಲೇ ಇದೆ. ಜೋಡಣೆ ಎಂಬ ಹೆಸರು ಹೊತ್ತ ಊರಿಗೆ ಈಗ ಜೋಡಿಸಿಕೊಳ್ಳಲು ಎದುರು ದಡದಲ್ಲಿ ಊರಿಲ್ಲ.